ಓದುಗರ ಪ್ರಶ್ನೆ: ಸ್ಟಾಲ್ ಹೇಳಿದ್ದು ತಪ್ಪೆಂದಾದರೆ ಅವನ ಹೆಸರು ಪಠ್ಯದಲ್ಲಿ ಏಕೆ?

ಪ್ರಶ್ನೆ: ನಮ್ಮ ಬಿ.ಎಸ್ಸಿ. ಪಠ್ಯದಲ್ಲಿ ‘ಜರ್ಮನಿಯ ಸ್ಟಾಲ್ ಎಂಬುವನು ಫ್ಲೊಜಿಸ್ಟನ್ ಎಂಬ ತಪ್ಪು ಸಿದ್ಧಾಂತವನ್ನು ಮಂಡಿಸಿದನು, ಲಾವಾಸಿಯೆ ಅದನ್ನು ಅಲ್ಲಗಳೆದನು’ ಎಂಬ ಒಂದೇ ಸಾಲಿದೆ. ಅವನು ವೈದ್ಯನೋ ರಸಾಯನಶಾಸ್ತ್ರಜ್ಞನೋ ಎಂಬುದೂ ಅಲ್ಲಿ ಸ್ಪಷ್ಟವಿಲ್ಲ. ತಪ್ಪು ಹೇಳಿದವನನ್ನು ನಾವೇಕೆ ನೆನಪಿಡಬೇಕು?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಗೇಯೋರ್ಗ್ ಅರ್ನ್‌ಸ್ಟ್ ಸ್ಟಾಲ್ ಎರಡೂ ಆಗಿದ್ದನು, ಆದರೆ ಎರಡನ್ನೂ ಒಂದಕ್ಕೊಂದು ಬೆರೆಸಲು ಒಪ್ಪಲಿಲ್ಲ. ಅವನು 1659ರಲ್ಲಿ ಆನ್ಸ್‌ಬಾಖ್ ಎಂಬ ಊರಿನಲ್ಲಿ ಹುಟ್ಟಿ, ಯೇನಾ ವಿಶ್ವವಿದ್ಯಾಲಯದಲ್ಲಿ ವೈದ್ಯ ಕಲಿತು, 1684ರಲ್ಲಿ ಪದವಿ ಪಡೆದು, ಅಲ್ಲಿಯೇ ರಸಾಯನಶಾಸ್ತ್ರದ ಪಾಠ ಹೇಳತೊಡಗಿದನು. 1687ರಲ್ಲಿ ವೈಮಾರಿನಲ್ಲಿ ಅರಮನೆಯ ವೈದ್ಯನಾದನು. 1694ರಲ್ಲಿ ಹಾಲೆ ನಗರದಲ್ಲಿ ಹೊಸ ವಿಶ್ವವಿದ್ಯಾಲಯ ಆರಂಭವಾದಾಗ, ಯೇನಾದಲ್ಲಿ ಜೊತೆಗೆ ಓದಿದ್ದ ಫ್ರೀಡ್ರಿಖ್ ಹೋಫ್‌ಮನ್ ಅವನನ್ನು ವೈದ್ಯಶಾಸ್ತ್ರದ ಪ್ರಾಧ್ಯಾಪಕ ಹುದ್ದೆಗೆ ಕರೆಸಿಕೊಂಡನು. ಕರೆಸಿಕೊಂಡವನಿಗೂ ಬಂದವನಿಗೂ ಮುಂದೆ ಹೊಂದಿಕೆಯಾಗಲಿಲ್ಲವೆಂಬುದು ಬೇರೆ ಮಾತು. ದೇಹವೆಂಬುದು ಯಂತ್ರದಂತೆ ನಡೆಯುತ್ತದೆ ಎಂದು ಹೋಫ್‌ಮನ್ ಹೇಳಿದರೆ, ದೇಹವನ್ನು ಕೊಳೆಯದಂತೆ ಕಾಯುವುದು ಆತ್ಮ, ಅದು ಹೊರಟುಹೋದ ಗಳಿಗೆಯಿಂದಲೇ ಶರೀರ ಕೊಳೆಯತೊಡಗುವುದು ಇದಕ್ಕೆ ಸಾಕ್ಷಿ ಎಂದು ಸ್ಟಾಲ್ ವಾದಿಸಿದನು. ಆದ್ದರಿಂದ, ತನ್ನ ಕಾಲದ ಹೆಸರಾಂತ ರಸಾಯನಶಾಸ್ತ್ರಜ್ಞನೇ ಆದರೂ, ಜೀವಂತ ದೇಹದ ವ್ಯವಹಾರವನ್ನು ವಿವರಿಸಲು ರಸಾಯನಶಾಸ್ತ್ರ ಸಾಲದು ಎಂದು ಅವನು ವೈದ್ಯ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದನು. ರಸಾಯನಶಾಸ್ತ್ರದ ಜಾಗ ಗಣಿ, ಕುಲುಮೆ ಮತ್ತು ಮದ್ಯದ ಭಟ್ಟಿಗಳಲ್ಲಿದೆ ಎಂಬುದು ಅವನ ನಿಲುವು. ವೈದ್ಯರ ಕೈಕೆಳಗಿನ ಆಳಾಗಿದ್ದ ಒಂದು ವಿದ್ಯೆಗೆ ಸ್ವಂತ ಮನೆ ಕಟ್ಟಿಕೊಟ್ಟದ್ದು, ನನ್ನ ದೃಷ್ಟಿಯಲ್ಲಿ, ಫ್ಲೊಜಿಸ್ಟನ್ನಿಗಿಂತ ದೊಡ್ಡ ಕೆಲಸ.

ಇನ್ನು ಆ ತಪ್ಪಿನ ವಿಚಾರ. ಯೋಹಾನ್ ಬೆಖರ್ ಎಂಬುವನು 1669ರ ತನ್ನ ಗ್ರಂಥದಲ್ಲಿ ಉರಿಯುವ ವಸ್ತುಗಳಲ್ಲೆಲ್ಲ ಒಂದು ಬಗೆಯ ‘ಜಿಡ್ಡು ಮಣ್ಣು’ ಇದೆ ಎಂದಿದ್ದನು. ಸ್ಟಾಲ್ 1703ರಲ್ಲಿ ಆ ಗ್ರಂಥವನ್ನು ಮತ್ತೆ ಅಚ್ಚು ಮಾಡಿಸಿ, ಆ ಕಲ್ಪನೆಯನ್ನು ತಿದ್ದಿ ಬೆಳೆಸಿ, ಅದಕ್ಕೆ ‘ಉರಿಯುವಂಥದು’ ಎಂಬರ್ಥದ ಗ್ರೀಕ್ ಮೂಲದ ಫ್ಲೊಜಿಸ್ಟನ್ ಎಂಬ ಹೆಸರನ್ನು ನೆಲೆಗೊಳಿಸಿದನು. ವಸ್ತು ಉರಿಯುವಾಗ ಈ ಫ್ಲೊಜಿಸ್ಟನ್ ಹೊರಗೆ ಹೋಗುತ್ತದೆ. ಇದ್ದಿಲು ಉರಿದ ಮೇಲೆ ಚಿಟಿಕೆ ಬೂದಿ ಮಾತ್ರ ಉಳಿಯುವುದರಿಂದ ಇದ್ದಿಲೆಂದರೆ ಬಹುತೇಕ ಫ್ಲೊಜಿಸ್ಟನ್ನೇ. ಮುಚ್ಚಿದ ಪಾತ್ರೆಯೊಳಗೆ ದೀಪ ಆರುವುದು ಅಲ್ಲಿನ ಗಾಳಿ ಇನ್ನಷ್ಟು ಫ್ಲೊಜಿಸ್ಟನ್ ಹಿಡಿಸಲಾರದಷ್ಟು ತುಂಬಿಹೋದದ್ದರಿಂದ. ಕೇಳಿದರೆ ಒಪ್ಪಿಕೊಳ್ಳಬೇಕೆನಿಸುವಷ್ಟು ಅಚ್ಚುಕಟ್ಟಾದ ವಿವರಣೆಯಿದು.

ನಿಮ್ಮ ಊರಿನಲ್ಲಿ ಕಲಾಯಿ ಹಾಕುವವರನ್ನು ಕಂಡಿದ್ದರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ತವರವನ್ನು ಕರಗಿಸಿ ಸ್ವಲ್ಪ ಹೊತ್ತು ಬಿಟ್ಟರೆ ಕನ್ನಡಿಯಂತೆ ಹೊಳೆಯುತ್ತಿದ್ದ ಮೇಲ್ಮೈಯ ಮೇಲೆ ಬೂದುಬಣ್ಣದ ಕೆನೆ ಕಟ್ಟುತ್ತದೆ. ಸರಿಸಿದರೆ ಮತ್ತೆ ಹೊಳಪು, ಮತ್ತೆ ಕೆನೆ. ಹಾಗೆಯೇ ಕಾಯಿಸುತ್ತ ಹೋದರೆ ಲೋಹವೆಲ್ಲ ಪುಡಿಯಾಗಿಬಿಡುತ್ತದೆ. ನಮ್ಮ ಆಯುರ್ವೇದದವರು ಭಸ್ಮ ಎನ್ನುವುದು, ವಂಗ ಭಸ್ಮ ಎಂದು ಶೀಶೆಯಲ್ಲಿ ಇಡುವುದು, ಬಹುಮಟ್ಟಿಗೆ ಇದನ್ನೇ. ಲೋಹ ಹೀಗೆ ಭಸ್ಮವಾಗುವುದೂ ಒಂದು ಬಗೆಯ ಉರಿಯುವಿಕೆ, ಕಬ್ಬಿಣ ತುಕ್ಕು ಹಿಡಿಯುವುದೂ ಅದೇ ಜಾತಿಯ ಕ್ರಿಯೆ, ಕುಲುಮೆಯಲ್ಲಿ ಅದಿರಿನಿಂದ ಲೋಹ ಬರುವುದು ಇದರ ಹಿಮ್ಮುಖ ನಡೆ ಎಂದು ಸ್ಟಾಲ್ ಕಂಡುಕೊಂಡನು. ಕಟ್ಟಿಗೆಯ ಉರಿ, ತುಕ್ಕು, ಕುಲುಮೆ ಎಂಬ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದು ತಪ್ಪಲ್ಲ. ಆ ದಾರ ಇಂದಿಗೂ ಹರಿದಿಲ್ಲ; ನೀವು ಅದನ್ನು ಉತ್ಕರ್ಷಣ (ಆಮ್ಲಜನಕ ಸೇರುವುದು) ಮತ್ತು ಅಪಕರ್ಷಣ (ಆಮ್ಲಜನಕ ಕಳೆಯುವುದು) ಎಂದು ಓದುತ್ತೀರಿ.

ಪ್ರಾಯೋಗಿಕ ತರಗತಿಯಲ್ಲಿ ಚಾರ್‌ಕೋಲ್ ಕ್ಯಾವಿಟಿ ಟೆಸ್ಟ್ ಮಾಡಿಸುತ್ತಿದ್ದರೆ ನೆನಪಿಸಿಕೊಳ್ಳಿ. ಇದ್ದಿಲಿನ ತುಂಡಿನಲ್ಲಿ ಚಿಕ್ಕ ಗುಳಿ ಕೊರೆದು, ಸೀಸದ ಲವಣವನ್ನು ಸೋಡಿಯಂ ಕಾರ್ಬೊನೇಟಿನೊಡನೆ ಕಲಸಿ ಅದರಲ್ಲಿಟ್ಟು, ಬ್ಲೋಪೈಪಿನಿಂದ ಜ್ವಾಲೆಯನ್ನು ಊದಿದರೆ, ಕೆನ್ನೆ ನೋಯುವ ಹೊತ್ತಿಗೆ ಗುಳಿಯಲ್ಲಿ ಹೊಳೆಯುವ ಒಂದು ಮಣಿ ನಿಲ್ಲುತ್ತದೆ. ಆರಿದ ಮೇಲೆ ಕಾಗದಕ್ಕೆ ಉಜ್ಜಿದರೆ ಗೆರೆ ಮೂಡುತ್ತದೆ. ಭಸ್ಮಕ್ಕೆ ಇದ್ದಿಲು ತನ್ನ ಫ್ಲೊಜಿಸ್ಟನ್ನನ್ನು ಮರಳಿ ಕೊಟ್ಟಿದ್ದರಿಂದ ಲೋಹ ಮತ್ತೆ ಹುಟ್ಟಿತು ಎಂದು ಸ್ಟಾಲ್ ಹೇಳುತ್ತಿದ್ದನು. ಭಸ್ಮದಲ್ಲಿದ್ದ ಆಮ್ಲಜನಕವನ್ನು ಇದ್ದಿಲು ಕಿತ್ತುಕೊಂಡಿತು ಎಂದು ನಾವು ಹೇಳುತ್ತೇವೆ. ಮಣಿ ಎರಡೂ ಕಡೆ ಒಂದೇ, ಲೆಕ್ಕ ಮಾತ್ರ ತಲೆಕೆಳಗು: ಇಲ್ಲಿ ನಾವು ‘ಹೋಯಿತು’ ಎನ್ನುವಲ್ಲಿ ಅವನು ‘ಬಂತು’ ಎಂದನು, ಉರಿಯುವಿಕೆಯಲ್ಲಿ ನಾವು ‘ಬಂತು’ ಎನ್ನುವಲ್ಲಿ ‘ಹೋಯಿತು’ ಎಂದನು.

ಈ ತಲೆಕೆಳಗು ಸಿಕ್ಕಿಬಿದ್ದದ್ದು ತಕ್ಕಡಿಯಲ್ಲಿ. 100 ಗ್ರಾಂ ತವರ ಪೂರ್ತಿ ಭಸ್ಮವಾದರೆ ತೂಕ ಸುಮಾರು 127 ಗ್ರಾಂ ಆಗುತ್ತದೆ. 100 ಗ್ರಾಂ ಸೀಸ ಹಳದಿ ಭಸ್ಮವಾದರೆ ಸುಮಾರು 108 ಗ್ರಾಂ. ಏನೋ ಹೊರಗೆ ಹೋಗಿದ್ದರೆ ತೂಕ ಹೆಚ್ಚುವುದು ಹೇಗೆ? ಫ್ರಾನ್ಸಿನ ವೈದ್ಯ ಜಾನ್ ರೇ 1630ರಷ್ಟು ಹಿಂದೆಯೇ ಈ ತೂಕ ಗಾಳಿಯಿಂದ ಬಂದದ್ದೆಂದು ಬರೆದಿದ್ದನು. ಸ್ಟಾಲನಿಗೂ ಈ ಹೆಚ್ಚಳ ತಿಳಿಯದ್ದಲ್ಲ. ವಸ್ತುಗಳ ಗುಣವೇ ಮುಖ್ಯವೆಂದು ನಂಬಿದ್ದ ಅವನು ತೂಕಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ಅವನನ್ನು ಆಕ್ಷೇಪಿಸುವುದಾದರೆ ಇಲ್ಲಿ ಆಕ್ಷೇಪಿಸಬೇಕು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವಾಸಿಯೆ 1772ರಲ್ಲಿ ಗಂಧಕ ಮತ್ತು ರಂಜಕಗಳು ಉರಿದಾಗ ತೂಕ ಹೆಚ್ಚುವುದನ್ನು ಗುರುತಿಸಿ, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಫ್ಲೊಜಿಸ್ಟನ್ನನ್ನು ಪದಚ್ಯುತಗೊಳಿಸಿದನು. ಆದರೂ ಆಮ್ಲಜನಕವನ್ನು 1774ರಲ್ಲಿ ಬೇರ್ಪಡಿಸಿ ತೋರಿಸಿದ ಇಂಗ್ಲೆಂಡಿನ ಪ್ರೀಸ್ಟ್ಲಿಯೇ ಅದನ್ನು ‘ಫ್ಲೊಜಿಸ್ಟನ್ ಕಳೆದ ಗಾಳಿ’ ಎಂದು ಕರೆದು, 1804ರಲ್ಲಿ ಸಾಯುವವರೆಗೂ ಸ್ಟಾಲನ ಪಕ್ಷವನ್ನು ಬಿಡಲಿಲ್ಲ.

ಹಾಲೆಯಲ್ಲಿ ಎರಡು ದಶಕ ಪಾಠ ಹೇಳಿದ ಮೇಲೆ ಸ್ಟಾಲ್ ಪ್ರಶ್ಯದ ದೊರೆ ಒಂದನೆಯ ಫ್ರೀಡ್ರಿಖ್ ವಿಲ್‌ಹೆಲ್ಮನ ವೈದ್ಯನಾಗಿ ಬರ್ಲಿನ್ನಿಗೆ ಹೋಗಿ, 1734ರಲ್ಲಿ ಅಲ್ಲಿಯೇ ತೀರಿಕೊಂಡನು. ತಾರುಣ್ಯದಲ್ಲಿ ಕೀಳು ಲೋಹವನ್ನು ಚಿನ್ನ ಮಾಡಬಹುದೆಂದು ನಂಬಿದ್ದವನು ವಯಸ್ಸಾದ ಮೇಲೆ ಅಂಥ ಆಸೆಗೆ ಬೀಳಬೇಡಿರೆಂದು ಎಚ್ಚರಿಸತೊಡಗಿದ್ದನು.

ಪ್ರಶ್ನೆ: ಜರ್ಮನಿಯ ಮೊದಲ ರಸಾಯನಶಾಸ್ತ್ರ ಪ್ರಾಧ್ಯಾಪಕ ಸ್ಟಾಲನೇ?
– ನಿವೃತ್ತ ಶಿಕ್ಷಕರು, ಬೈಲಹೊಂಗಲ

ಉತ್ತರ: ಅಲ್ಲ. ಆ ಗೌರವವನ್ನು ಸಾಮಾನ್ಯವಾಗಿ ಯೋಹಾನೆಸ್ ಹಾರ್ಟ್‌ಮನ್ನನಿಗೆ ಕೊಡುತ್ತಾರೆ. ಮಾರ್ಬುರ್ಗಿನಲ್ಲಿ 1592ರಿಂದ ಗಣಿತ ಕಲಿಸುತ್ತಿದ್ದ ಅವನನ್ನು ಹೆಸ್ಸೆ-ಕಾಸೆಲ್ಲಿನ ದೊರೆ ಮೋರಿಟ್ಸ್ 1609ರಲ್ಲಿ ರಾಸಾಯನಿಕ ವೈದ್ಯದ ಪ್ರಾಧ್ಯಾಪಕನನ್ನಾಗಿ ನೇಮಿಸಿದನು. ವಿದ್ಯಾರ್ಥಿಗಳು ತಾವೇ ಒಲೆಯ ಮುಂದೆ ನಿಂತು ಔಷಧ ತಯಾರಿಸುವ ಪ್ರಯೋಗಶಾಲೆಯೂ ಅಲ್ಲಿತ್ತು. ಆ ಪ್ರಯೋಗಶಾಲೆಯ 1615ರ ಒಂದು ದಿನಚರಿ ಇಂದಿಗೂ ಉಳಿದಿದೆ. ಹಾರ್ಟ್‌ಮನ್ ರಸಾಯನಶಾಸ್ತ್ರವನ್ನು ವೈದ್ಯದೊಳಕ್ಕೆ ತಂದನು, ಸ್ಟಾಲ್ ಹೊರಕ್ಕೆ ಕಳಿಸಿದನು.

ಪ್ರಶ್ನೆ: ಸ್ಟಾಲ್ ಹುದುಗಿನ ಬಗ್ಗೆಯೂ ಬರೆದಿದ್ದನೆಂದು ಕೇಳಿದ್ದೇನೆ. ನಮ್ಮ ಗಾಣದಲ್ಲಿ ಕಬ್ಬಿನ ಹಾಲು ತಡವಾದರೆ ಹುಳಿಯುವುದಕ್ಕೆ ಅವನ ವಿವರಣೆಯೇನು?
– ಬೆಲ್ಲ ತಯಾರಕರು, ಮಹಾಲಿಂಗಪುರ

ಉತ್ತರ: ಬರೆದಿದ್ದಾನೆ, 1697ರ ಆ ಗ್ರಂಥ ಹುದುಗಿನ ಕುರಿತೇ ಇದೆ. ಕೊಳೆಯುತ್ತಿರುವ ವಸ್ತುವಿನ ಕಣಗಳೊಳಗೆ ಒಂದು ಚಲನೆ ಇರುತ್ತದೆ, ಅದು ಪಕ್ಕದ ವಸ್ತುವಿಗೂ ಹತ್ತಿಕೊಂಡು ಅದನ್ನೂ ಕದಡಿಬಿಡುತ್ತದೆ ಎಂಬುದು ಅವನ ಅಭಿಪ್ರಾಯ. ಹೆಪ್ಪು ಹಾಕಿದ ಹಾಲನ್ನು ಕಂಡವರಿಗೆ ಈ ಮಾತು ವಿಚಿತ್ರವೆನಿಸದು. ಹತ್ತಿಕೊಳ್ಳುವುದು ಬರಿಯ ಚಲನೆಯಲ್ಲ, ಜೀವವಿರುವ ಸೂಕ್ಷ್ಮಾಣುಗಳು ಎಂಬ ಮಾತು 1830ರ ದಶಕದಲ್ಲಿ ಎದ್ದು, 1857ರಿಂದ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಸ್ತರನ ಪ್ರಯೋಗಗಳಿಂದ ಗಟ್ಟಿಯಾಯಿತು. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದು ಕುದಿ ಬಂದೊಡನೆ ಅವು ಸಾಯುತ್ತವೆ. ಗಾಣದಿಂದ ಒಲೆಯವರೆಗಿನ ಹೊತ್ತು ಕಡಿಮೆಯಾದಷ್ಟೂ ಬೆಲ್ಲ ಗಟ್ಟಿ.