ದರ್ಪಣ, ಮಸೂರದ ಪಾಠಕ್ಕೆ ಕೋಷ್ಟಕ ಬಾಯಿಪಾಠ ಮಾಡಬೇಕೋ, ಸೂತ್ರದ ಲೆಕ್ಕ ಮಾಡಬೇಕೋ?

ತಮ್ಮ, ಮಾನ್ವಿಯಿಂದ ಕೇಳಿದ್ದೀಯ: ಹತ್ತನೇ ತರಗತಿಯ ಬೆಳಕಿನ ಪಾಠಕ್ಕೆ ಪ್ರತಿಬಿಂಬಗಳ ಕೋಷ್ಟಕ ಬಾಯಿಪಾಠ ಮಾಡಲೋ, ಸೂತ್ರದ ಲೆಕ್ಕ ಬಿಡಿಸುತ್ತ ಕೂರಲೋ, ಎರಡಕ್ಕೂ ಸಮಯವಿಲ್ಲ ಎಂದು. ನಾನೂ ಅದೇ ಕಾಲುವೆ ಸೀಮೆಯವನು, ಸಿಂಧನೂರು ತಾಲ್ಲೂಕು. ಹೈಸ್ಕೂಲಿನಲ್ಲಿ ನಾನು ಕೋಷ್ಟಕದ ಪಕ್ಷ. ನಿಮ್ನ (ಒಳಗೆ ತಗ್ಗಿದ) ದರ್ಪಣಕ್ಕೆ ಆರು ಸಾಲು, ಪೀನ (ಉಬ್ಬಿದ) ಮಸೂರಕ್ಕೆ ಆರು, ಪೀನ ದರ್ಪಣಕ್ಕೂ ನಿಮ್ನ ಮಸೂರಕ್ಕೂ ಎರಡೆರಡು. "ವಸ್ತು ಅನಂತ ದೂರದಲ್ಲಿ, ಪ್ರತಿಬಿಂಬ ಸಂಗಮದಲ್ಲಿ, ಸತ್ಯ, ತಲೆಕೆಳಗು" ಎಂದು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಸಂಗಮ ಎಂದರೆ ಸಮಾಂತರ ಕಿರಣಗಳು ಕೂಡುವ ಬಿಂದು, ಸತ್ಯ ಎಂದರೆ ಪರದೆಯ ಮೇಲೆ ಬೀಳುವ ಪ್ರತಿಬಿಂಬ. ಅಂಕ ಬಂತು. ಮೇಷ್ಟ್ರು ಬೆನ್ನು ತಟ್ಟಿದರು. ಅಲ್ಲಿಗೆ ಬೆಳಕು ನನಗೆ ಅರ್ಥವಾಗಿದೆ ಎಂದು ನಾನೂ ನಂಬಿದೆ, ಮನೆಯವರೂ ನಂಬಿದರು.

ಅದಕ್ಕೆ ಬೆಲೆ ತೆತ್ತದ್ದು ದ್ವಿತೀಯ ಪಿಯುಸಿಯಲ್ಲಿ. ಭೌತಶಾಸ್ತ್ರ ಪರೀಕ್ಷೆಯ ಐದು ಅಂಕದ ಲೆಕ್ಕ. ನಿಮ್ನ ದರ್ಪಣದ ಸಂಗಮ ದೂರ 15 ಸೆಂ.ಮೀ., ವಸ್ತು 20 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ, ವರ್ಧನೆ (ಪ್ರತಿಬಿಂಬ ವಸ್ತುವಿನ ಎಷ್ಟು ಪಟ್ಟು ಎಂಬುದು) ಎಷ್ಟು? ಹಲ್ಲು ಬಂದ ಮಗು ಕಡಿಯುವಷ್ಟು ಮೆತ್ತಗಿನ ಪ್ರಶ್ನೆ. 1/ವಿ + 1/ಯು = 1/ಎಫ್ ಎಂದು ಬರೆದೆ; ವಿ ಪ್ರತಿಬಿಂಬದ ದೂರ, ಯು ವಸ್ತುವಿನ ದೂರ, ಎಫ್ ಸಂಗಮ ದೂರ. ಯು ಆಚೆ ಹೋಗಿ 1/ವಿ = 1/ಎಫ್ − 1/ಯು ಆಯಿತು. ಇಲ್ಲಿಯವರೆಗೆ ಸರಿ.

ಇನ್ನು ನಾನು ಮಾಡಿದ್ದನ್ನು ನಿಧಾನವಾಗಿ ಓದು. ದರ್ಪಣದ ಮುಂದಿನ ದೂರಗಳೆಲ್ಲ ಋಣ ಎಂದು ಗೊತ್ತಿತ್ತು. ಎಫ್‌ಗೆ −15 ಹಾಕಿದೆ. ಯುಗೆ −20 ಹಾಕಲು ಹೋದಾಗ ಅದರ ಹಿಂದೆ ಆಗಲೇ ಒಂದು ಋಣ ಚಿಹ್ನೆ ಕುಳಿತಿತ್ತು. "ಯುವಿನ ಋಣ ಸೂತ್ರದಲ್ಲೇ ಬಂದುಬಿಟ್ಟಿದೆ" ಎಂದುಕೊಂಡು ಬರೀ 20 ಬರೆದೆ. ಆ ಋಣ ಬಂದದ್ದು ಪದವನ್ನು ಸಮ ಚಿಹ್ನೆಯ ಆಚೆಗೆ ದಾಟಿಸಿದ್ದರಿಂದ. ಬೀಜಗಣಿತದ ಋಣ ಅದು. ಯುವಿನ ಋಣ ಬೇರೆ: ವಸ್ತು ದರ್ಪಣದ ಯಾವ ಬದಿಗೆ ನಿಂತಿದೆ ಎಂಬುದನ್ನು ಅದು ಹೇಳುತ್ತದೆ. ಎರಡನ್ನೂ ಬರೆಯಬೇಕಿತ್ತು; ಎರಡು ಋಣ ಸೇರಿ 1/20 ಧನವಾಗಿ, −1/15 + 1/20 = −1/60, ವಿ = −60 ಆಗುತ್ತಿತ್ತು. ನಾನು ಬರೆದದ್ದು −1/15 − 1/20 = −7/60. ಉತ್ತರ −8.57 ಸೆಂ.ಮೀ. ಅದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ವರ್ಧನೆ −3 ಬರಬೇಕಾದಲ್ಲಿ −0.43 ಬಂತು. ಸೂತ್ರಕ್ಕೆ ಒಂದು ಅಂಕ ಸಿಕ್ಕಿತು, ನಾಲ್ಕು ಹೋದವು. ನಾನು ಅನುತ್ತೀರ್ಣನಾದದ್ದು ಎರಡು ಅಂಕದಿಂದ.

ಲೆಕ್ಕ ತಪ್ಪುವುದು ಯಾರಿಗೂ ಹೊಸದಲ್ಲ. ಈಗಲೂ ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಸಂಗಮ 15ರಲ್ಲಿದ್ದರೆ ವಕ್ರತಾ ಕೇಂದ್ರ (ದರ್ಪಣ ಯಾವ ಗೋಳದ ತುಣುಕೋ ಅದರ ನಡುಬಿಂದು) ಅದರ ಎರಡರಷ್ಟು ದೂರ, 30ರಲ್ಲಿದೆ, 20ರಲ್ಲಿರುವ ವಸ್ತು ಅವೆರಡರ ನಡುವೆ ಇದೆ. ನಾನು ವರ್ಷಗಟ್ಟಲೆ ಒಪ್ಪಿಸಿದ ಕೋಷ್ಟಕದ ಸಾಲೇ ಅದು: ವಸ್ತು ಸಂಗಮಕ್ಕೂ ವಕ್ರತಾ ಕೇಂದ್ರಕ್ಕೂ ನಡುವೆ ಇದ್ದರೆ ಪ್ರತಿಬಿಂಬ ವಕ್ರತಾ ಕೇಂದ್ರದಿಂದ ಆಚೆ, ವಸ್ತುವಿಗಿಂತ ದೊಡ್ಡದು. ನನ್ನ ಉತ್ತರ ಪ್ರತಿಬಿಂಬವನ್ನು ಸಂಗಮಕ್ಕಿಂತಲೂ ಒಳಗೆ, ವಸ್ತುವಿನ ಅರ್ಧಕ್ಕಿಂತ ಚಿಕ್ಕದಾಗಿ ಕೂರಿಸಿತ್ತು. ನಿಜವಾದ ವಸ್ತುವಿನ ಸತ್ಯ ಪ್ರತಿಬಿಂಬ ಅಲ್ಲಿ ಬೀಳುವುದೇ ಸಾಧ್ಯವಿಲ್ಲ. ಸಾಲು ಬಾಯಲ್ಲಿತ್ತು, ಉತ್ತರ ಕಣ್ಣೆದುರಿಗಿತ್ತು, ಒಂದಕ್ಕೊಂದು ಸಂಬಂಧವಿದೆ ಎಂದು ಹೊಳೆಯಲಿಲ್ಲ. ಉತ್ತರಪತ್ರಿಕೆಯ ಅಂಚಿನಲ್ಲಿ ಎರಡು ಕಿರಣ ಎಳೆದಿದ್ದರೆ ಸಾಕಿತ್ತು: ಪ್ರಧಾನ ಅಕ್ಷಕ್ಕೆ ಸಮಾಂತರವಾಗಿ ಹೋಗಿ ಸಂಗಮದ ಮೂಲಕ ಮರಳುವುದು ಒಂದು, ಸಂಗಮದ ಮೂಲಕ ಹೋಗಿ ಸಮಾಂತರವಾಗಿ ಮರಳುವುದು ಇನ್ನೊಂದು. ಅವು ಕೂಡುವ ಜಾಗ 8ರ ಹತ್ತಿರವೂ ಸುಳಿಯುತ್ತಿರಲಿಲ್ಲ.

ಪೂರಕ ಪರೀಕ್ಷೆಯಲ್ಲಿ ಪಾಸಾದೆ, ಆದರೆ ಆ ವರ್ಷದ ಸೀಟು ಹೋಗಿತ್ತು. ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ್ದು. ನೀರು ಬಂದರೆ ಭತ್ತ, ಬಾರದಿದ್ದರೆ ಏನು ಎಂದು ನಿನಗೆ ಹೇಳಬೇಕಾಗಿಲ್ಲ. ಇನ್ನೊಂದು ವರ್ಷ ಕಾಯುವ ಮನೆ ನಮ್ಮದಾಗಿರಲಿಲ್ಲ. ರಾಯಚೂರಿನ ಒಂದು ಕನ್ನಡಕದ ಅಂಗಡಿಗೆ ಕೆಲಸಕ್ಕೆ ಸೇರಿದೆ.

ಅಲ್ಲಿಯ ಯಜಮಾನರು ಹೆಚ್ಚು ಓದಿದವರಲ್ಲ. ಕಾಗದದ ಮೇಲೆ ದೊಡ್ಡದೊಂದು ಕೂಡುವ ಚಿಹ್ನೆ ಬರೆದು, ಎರಡು ಮಸೂರ ಕೊಟ್ಟು, "ಒಂದೊಂದನ್ನೇ ಕಣ್ಣ ಮುಂದೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸು" ಎಂದರು. ಒಂದರಲ್ಲಿ ಗೆರೆ ನಾನು ಸರಿಸಿದ ಕಡೆಗೇ ಸರಿಯಿತು, ಇನ್ನೊಂದರಲ್ಲಿ ಎದುರು ದಿಕ್ಕಿಗೆ ಓಡಿತು. ಜೊತೆಗೆ ಬಂದದ್ದು ಮೈನಸ್, ನಿಮ್ನ ಮಸೂರ. ಎದುರು ಹೋದದ್ದು ಪ್ಲಸ್, ಪೀನ ಮಸೂರ. ಆಮೇಲೆ ಗೊತ್ತಿರುವ ನಂಬರಿನ ವಿರುದ್ಧ ಮಸೂರಗಳನ್ನು ಒಂದೊಂದಾಗಿ ಅಂಟಿಸಿ ಹಿಡಿದರು. ಗೆರೆ ಅಲುಗಾಡದೆ ನಿಂತಾಗ, ಎರಡರ ಮೊತ್ತ ಸೊನ್ನೆ. −2ಕ್ಕೆ +2. ನಿನ್ನ ಪಾಠದಲ್ಲಿ ಮಸೂರಗಳನ್ನು ಜೋಡಿಸಿದರೆ ಸಾಮರ್ಥ್ಯಗಳು ಕೂಡುತ್ತವೆ ಎಂದಿದೆಯಲ್ಲ, ಅಂಗಡಿಯಲ್ಲಿ ನಂಬರ್ ಹುಡುಕುವ ಹಳೆಯ ಉಪಾಯ ಅದೇ. ಇಲ್ಲಿ ಚಿಹ್ನೆ ತಪ್ಪಿದರೆ ಅಂಕ ಹೋಗುವುದಿಲ್ಲ. −2 ಬೇಕಾದವನಿಗೆ +2 ಹಾಕಿದರೆ ನಾಲ್ಕು ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ವ್ಯತ್ಯಾಸ, ಗಿರಾಕಿಗೆ ಎದುರಿನ ಬಸ್ಸಿನ ಬೋರ್ಡೇ ಕಾಣುವುದಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೋಷ್ಟಕ ಮತ್ತು ಸೂತ್ರ ಎರಡು ಬೇರೆ ದಾರಿಗಳೇ ಅಲ್ಲ, ಕಿರಣ ಚಿತ್ರವನ್ನು ಒಮ್ಮೆ ಮಾತಿನಲ್ಲಿ, ಒಮ್ಮೆ ಅಂಕಿಯಲ್ಲಿ ಬರೆದದ್ದು ಅಷ್ಟೇ. ನೀನು ಬಿಟ್ಟಿರುವುದು ಆ ಚಿತ್ರವನ್ನು. ಒಂದು ವಾರ ಕೋಷ್ಟಕವನ್ನು ಮುಚ್ಚಿಡು. ಪ್ರತಿ ಲೆಕ್ಕಕ್ಕೂ ಮೊದಲು ಚಿತ್ರ ಬರೆ, ಪ್ರಶ್ನೆಯಲ್ಲಿ ಕೇಳದಿದ್ದರೂ ಬರೆ. ಅಳತೆ ಅಂದಾಜಿನದಾದರೂ ಪರವಾಗಿಲ್ಲ. ವಸ್ತುವಿನಿಂದ ಬಂದು ಬೀಳುವ ಬೆಳಕು ಸಾಗುವ ದಿಕ್ಕು ಧನ, ಅದಕ್ಕೆ ಎದುರು ಋಣ. ಈ ಒಂದೇ ನಿಯಮ ದರ್ಪಣಕ್ಕೂ ಮಸೂರಕ್ಕೂ. ದರ್ಪಣ ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ ಅದರ ಸತ್ಯ ಪ್ರತಿಬಿಂಬ ಋಣ ಬದಿಯಲ್ಲಿ ಬೀಳುತ್ತದೆ, ಮಸೂರ ಮುಂದಕ್ಕೆ ಬಿಡುವುದರಿಂದ ಧನ ಬದಿಯಲ್ಲಿ. ವರ್ಧನೆಯ ಸೂತ್ರ ದರ್ಪಣಕ್ಕೆ −ವಿ/ಯು, ಮಸೂರಕ್ಕೆ ವಿ/ಯು ಆಗಿರುವುದು ಇದಕ್ಕೇ. ಸತ್ಯ ಪ್ರತಿಬಿಂಬ ಎರಡರಲ್ಲೂ ತಲೆಕೆಳಗು, ವರ್ಧನೆ ಎರಡರಲ್ಲೂ ಋಣ. ಲೆಕ್ಕದ ಉತ್ತರ ಚಿತ್ರಕ್ಕೆ ಹೊಂದದಿದ್ದರೆ ಲೆಕ್ಕವನ್ನು ಅನುಮಾನಿಸು. ಚಿತ್ರ ಸುಳ್ಳು ಹೇಳುವುದು ಕಡಿಮೆ.

ಟ್ಯೂಷನ್‌ಗೆ ಸೇರಲೇ ಎಂದೂ ಕೇಳಿದ್ದೀಯ. ಅದಕ್ಕೆ ಕೊಡುವ ದುಡ್ಡನ್ನು ಸದ್ಯಕ್ಕೆ ಉಳಿಸು, ಅಜ್ಜನ ಚಾಳೀಸನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಇಸಿದುಕೋ. ಕಿಟಕಿಯ ಎದುರಿನ ಗೋಡೆಯ ಮುಂದೆ ಅದನ್ನು ಹಿಡಿದು ಹಿಂದೆ ಮುಂದೆ ಸರಿಸು. ಹೊರಗಿನ ದೂರದ ಬೇವಿನ ಮರ ಗೋಡೆಯ ಮೇಲೆ ತಲೆಕೆಳಗಾಗಿ, ಬಣ್ಣದ ಸಮೇತ ಬೀಳುತ್ತದೆ. ಸ್ಪಷ್ಟವಾದಾಗ ಗಾಜಿನಿಂದ ಗೋಡೆಗೆ ಸ್ಕೇಲ್ ಇಟ್ಟು ಅಳೆ. +2.5 ನಂಬರ್ ಆಗಿದ್ದರೆ ಸುಮಾರು 40 ಸೆಂ.ಮೀ. ಬರುತ್ತದೆ, +2 ಆಗಿದ್ದರೆ 50: ಒಂದು ಮೀಟರನ್ನು ನಂಬರಿನಿಂದ ಭಾಗಿಸಿದಷ್ಟು. ಸೂರ್ಯನ ಕಡೆ ಮಾತ್ರ ಅದರ ಮೂಲಕ ನೋಡಬೇಡ, ನಮ್ಮ ಕಡೆಯ ಬಿಸಿಲಿಗೆ ಕಾಗದ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ, ಕಣ್ಣಿಗೆ ಇನ್ನೂ ಕಡಿಮೆ ಸಾಕು. ಆಮೇಲೆ ಬೋರ್ಡ್ ಕಾಣದೆ ಮೈನಸ್ ಕನ್ನಡಕ ಹಾಕುವ ಗೆಳೆಯನಿದ್ದರೆ ಅವನದನ್ನೂ ಅದೇ ಗೋಡೆಯ ಮುಂದೆ ಹಿಡಿ. ಎಷ್ಟು ಸರಿಸಿದರೂ ಮರ ಬೀಳುವುದಿಲ್ಲ. ಬಿದ್ದರೆ ಆ ಕನ್ನಡಕ ಅವನದಲ್ಲ, ಅವನ ಅಜ್ಜನದು.