ಎಲುಬಿಗೆ ಚೀನಾದ ಗಿಡಮೂಲಿಕೆ ಸಾಕಾ?

ಪ್ರಶ್ನೆ: ನನ್ನ ಅತ್ತೆಗೆ 63 ವರ್ಷ. ಹೋದ ಮಳೆಗಾಲ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.8. ಡಾಕ್ಟ್ರು ಎಲುಬು ಸವೆಯದಂತೆ ತಡೆಯುವ ಅಲೆಂಡ್ರೊನೇಟ್ ಮಾತ್ರೆ ವಾರಕ್ಕೊಂದರಂತೆ ಬರೆದಿದ್ದರು. ದವಡೆಯ ಎಲುಬು ಹಾಳಾಗುತ್ತದೆ ಅಂತ ಯಾರೋ ಹೇಳಿದ್ದಕ್ಕೆ ನಿಲ್ಲಿಸಿದ್ದಾರೆ. ಸಿಂಗಾಪುರದಿಂದ ನಾದಿನಿ ಚೀನಾದ ಗಿಡಮೂಲಿಕೆ ಕ್ಯಾಪ್ಸೂಲ್ ಕಳಿಸಿದ್ದಾಳೆ. ಅದನ್ನೇ ಕೊಡಬಹುದಾ?
– ಓದುಗರು, ಬ್ರಹ್ಮಾವರ

ಉತ್ತರ: ಬೇಡ. ಮಾತ್ರೆ ಬಿಟ್ಟು ಅದನ್ನು ಕೊಡಬೇಡಿ. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್ (ಎಲುಬು ಸವೆತ) ಅಂತಲೇ ಲೆಕ್ಕ, ಅದರ ಮೇಲೆ ಅವರಿಗೆ ಒಮ್ಮೆ ಎಲುಬು ಮುರಿದೂ ಆಗಿದೆ. ಇನ್ನೊಮ್ಮೆ ಮುರಿಯುವ ಸಾಧ್ಯತೆ ಜಾಸ್ತಿ, ಅದು ಸೊಂಟದ್ದಾದರೆ ತುಂಬಾ ಕಷ್ಟ.

ಚೀನೀ ವೈದ್ಯದಲ್ಲಿ ಎಲುಬನ್ನು ಕಾಯುವುದು ಮೂತ್ರಪಿಂಡ ಅನ್ನುವ ನಂಬಿಕೆ ಇದೆ. ಅದಕ್ಕೇ ಮುಟ್ಟು ನಿಂತ ಮೇಲಿನ ಎಲುಬು ಸವೆತಕ್ಕೂ ಮೂತ್ರಪಿಂಡಕ್ಕೆ ಬಲ ಕೊಡುವ ಮೂಲಿಕೆಗಳನ್ನೇ ಕೊಡುತ್ತಾರೆ: ಎಪಿಮೀಡಿಯಂ ಎಲೆ, ಯುಕೋಮಿಯಾ ಮರದ ತೊಗಟೆ, ಒಂದು ಜರೀಗಿಡದ ಗೆಡ್ಡೆ, ಜೊತೆಗೆ ನಮ್ಮಲ್ಲಿ ತೊನ್ನಿಗೆ ಕೊಡುವ ಬಾವಂಚಿ ಬೀಜ. ಇದೆಲ್ಲ ಸುಮ್ನೆ ಬುರುಡೆ ಅಂತ ನಾನು ಹೇಳುವುದಿಲ್ಲ. ಎಪಿಮೀಡಿಯಂನಲ್ಲಿರುವ ಇಕಾರಿನ್ ಅನ್ನುವ ಅಂಶ ಸ್ವಲ್ಪ ಮಟ್ಟಿಗೆ ಎಲುಬು ಕಾಯುವ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಥರ ಕೆಲಸ ಮಾಡುತ್ತದೆ. ಆದರೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಸೇರಿಸಿ ಪರಿಶೀಲಿಸುವ ಕಾಕ್ರೇನ್ ತಂಡ 108 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಗಟ್ಟಿ ಪುರಾವೆ ಸಿಗಲಿಲ್ಲ. ಹೆಚ್ಚಿನವು ಎಲುಬಿನ ಸಾಂದ್ರತೆ ಅಳೆದವು, ಎಲುಬು ಮುರಿಯುವುದು ಕಮ್ಮಿಯಾಯಿತಾ ಅಂತ ನೋಡಿದವು ತೀರಾ ಕೆಲವೇ. ನಮಗೆ ಬೇಕಾದ್ದು ಅದೇ ಅಲ್ವಾ?

ನನಗೆ ಹೆಚ್ಚು ಚಿಂತೆ ಲಿವರಿನದ್ದು. ಬಾವಂಚಿಯಿಂದ ಲಿವರ್‌ಗೆ ಪೆಟ್ಟಾದ ಉದಾಹರಣೆಗಳಿವೆ. ಎಪಿಮೀಡಿಯಂ, ಬಾವಂಚಿ ಎರಡೂ ಇರುವ ಶಿಯಾನ್‌ಲಿಂಗ್ ಗುಬಾವ್ ಅನ್ನುವ ಔಷಧದ ಬಗ್ಗೆ 2016ರಲ್ಲಿ ಚೀನಾದ ಔಷಧ ನಿಯಂತ್ರಕರೇ ಎಚ್ಚರಿಸಿದ್ದರು. ಗಿಡಮೂಲಿಕೆ ತಾನೇ, ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. ಅತ್ತೆಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಇಂಥದ್ದನ್ನು ಮುಟ್ಟಲೇಬಾರದು.

ಇನ್ನು ದವಡೆಯ ಭಯ. ಆ ತೊಂದರೆ ಇರುವುದು ನಿಜ, ಆದರೆ ಅದು ಹೆಚ್ಚಾಗಿ ಕಾಣುವುದು ಕ್ಯಾನ್ಸರ್‌ಗೆ ಇದೇ ಜಾತಿಯ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಇಂಜೆಕ್ಷನ್ ಕೊಟ್ಟವರಲ್ಲಿ. ವಾರದ ಮಾತ್ರೆಯಲ್ಲಿ ತೀರಾ ಅಪರೂಪ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಂಡು ಮಾತ್ರೆ ಶುರು ಮಾಡಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತುಂಬಿದ ಲೋಟ ಬರೀ ನೀರಿನ ಜೊತೆ ನುಂಗಬೇಕು, ಚಹಾ ಬೇಡ. ಆಮೇಲೆ ಅರ್ಧ ಗಂಟೆ ಮಲಗಬಾರದು, ಇಲ್ಲವಾದರೆ ಅನ್ನನಾಳ ಉರಿಯುತ್ತದೆ. ಈ ವಯಸ್ಸಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಸಿಗುತ್ತದೆ. ಮೀನು ತಿನ್ನುವವರಾದರೆ ಸಣ್ಣ ಬೂತಾಯಿಯನ್ನು ಮುಳ್ಳು ಮೆತ್ತಗಾಗುವಷ್ಟು ಬೇಯಿಸಿ ಮುಳ್ಳಿನ ಸಮೇತ ಕೊಡಿ. ಅಂಗಳಕ್ಕೆ ಮಳೆಗೆ ಮುಂಚೆಯೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ.

ಕ್ಯಾಪ್ಸೂಲಿನ ಡಬ್ಬಿಯನ್ನು ಹಾಗೇ ಡಾಕ್ಟ್ರ ಹತ್ತಿರ ತಗೊಂಡು ಹೋಗಿ ತೋರಿಸಿ. ಈಗಾಗಲೇ ಕೊಟ್ಟಿದ್ದರೆ ಲಿವರ್ ಪರೀಕ್ಷೆ ಮಾಡಿಸಿ. ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಊಟ ಸೇರದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.