ಚಿಕ್ಕ ಜೆಟ್ಟೋ, ದೊಡ್ಡ ಜೆಟ್ಟೋ: ಒಬ್ಬ ಹೊಸ ಪೈಲಟ್‌ನ ಪ್ರಕರಣ

ಚಿಕ್ಕಮಗಳೂರಿನಲ್ಲಿ ಆಪ್ತಸಲಹೆಗೆ ಬರುವವರಲ್ಲಿ ಮದುವೆ ತಾಪತ್ರಯದವರು ಜಾಸ್ತಿ. ಸಾಲದ ಚಿಂತೆಯವರು, ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರು ಆಮೇಲೆ. ಪೈಲಟ್ ಬರುವುದೇ ಅಪರೂಪ. ಯಾವ ವಿಮಾನ ಹಾರಿಸಲಿ ಅಂತ ಕೇಳಿಕೊಂಡು ಬರುವುದಂತೂ ಇನ್ನೂ ಅಪರೂಪ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮತ್ತು ಮನೆಯ ವಿವರ ಬದಲಿಸಿದ್ದೇನೆ. ಇಲ್ಲಿ ಅವನು ಚೇತನ್.

ಚೇತನ್‌ಗೆ ಇಪ್ಪತ್ತಾರು ವರ್ಷ. ಮೂಡಿಗೆರೆ ಕಡೆಯವನು. ಮನೆಯಲ್ಲಿ ಸ್ವಲ್ಪ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಮೆಣಸು. ಅಪ್ಪ ತೋಟದ ಮೇಲೆ ಸಾಲ ಮಾಡಿ ಮಗನನ್ನು ಹೊರರಾಜ್ಯದ ಫ್ಲೈಯಿಂಗ್ ಸ್ಕೂಲಿಗೆ ಕಳಿಸಿದ್ದರು. ನಮ್ಮಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ 200 ಗಂಟೆ ಹಾರಾಟ ಬೇಕು. ಅವನ ಹತ್ತಿರ ಅದಕ್ಕಿಂತ ಸ್ವಲ್ಪ ಜಾಸ್ತಿ ಇತ್ತು, ಅಷ್ಟೇ. ಲೈಸೆನ್ಸ್ ಬಂದ ಮೇಲೂ ಎರಡು ವರ್ಷ ಕೆಲಸ ಸಿಗಲಿಲ್ಲ. ಕೊನೆಗೆ ಒಂದು ಚಾರ್ಟರ್ ಕಂಪನಿ ಕರೆಯಿತು. ಉದ್ಯಮಿಗಳು, ರಾಜಕಾರಣಿಗಳು, ಸಿನಿಮಾದವರು ಬಾಡಿಗೆಗೆ ತೆಗೆದುಕೊಂಡು ಹೋಗುವ ಬಿಸಿನೆಸ್ ಜೆಟ್‌ಗಳ ಕಂಪನಿ. ಎರಡು ಕೋ-ಪೈಲಟ್ ಸೀಟು ಖಾಲಿ ಇದ್ದವು. ಒಂದು ಫೀನಾಮ್ 300 ಅನ್ನುವ ಚಿಕ್ಕ ಜೆಟ್ ಮೇಲೆ, ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ. ಇನ್ನೊಂದು ಚಾಲೆಂಜರ್ 605 ಅನ್ನುವ ದೊಡ್ಡ ಜೆಟ್ ಮೇಲೆ, ದಿಲ್ಲಿಯಿಂದ. ಯಾವುದು ಬೇಕು ಹತ್ತು ದಿನದಲ್ಲಿ ಹೇಳಿ ಅಂದಿದ್ದರು.

ಇದು ಖುಷಿಪಡುವ ವಿಷಯ ಅಲ್ವಾ ಅಂತ ಅನ್ನಿಸಬಹುದು. ಅವನಿಗೆ ನಿದ್ದೆ ಹೋಗಿತ್ತು.

ಜೆಟ್ ವಿಮಾನಕ್ಕೆ ಲೈಸೆನ್ಸ್ ಒಂದೇ ಸಾಲದು. ಸಾಮಾನ್ಯವಾಗಿ ಪ್ರತಿ ಮಾದರಿಗೂ ಬೇರೆ ಟೈಪ್ ರೇಟಿಂಗ್, ಅಂದರೆ ಆ ಮಾದರಿ ಹಾರಿಸುವ ಅರ್ಹತೆ, ಬೇಕು. ಅದಕ್ಕೆ ಸಿಮ್ಯುಲೇಟರ್ ತರಬೇತಿ, ಪರೀಕ್ಷೆ. ಬಿಸಿನೆಸ್ ಜೆಟ್‌ಗಳ ವಿಷಯದಲ್ಲಿ ಸಾಮಾನ್ಯವಾಗಿ ಇದಕ್ಕೆ ವಿದೇಶಕ್ಕೇ ಹೋಗಬೇಕು. ಖರ್ಚು ಕಂಪನಿ ಹಾಕುತ್ತದೆ, ಬದಲಿಗೆ ಇಷ್ಟು ವರ್ಷ ಬಿಟ್ಟುಹೋಗುವುದಿಲ್ಲ, ಹೋದರೆ ಹಣ ಕಟ್ಟುತ್ತೇನೆ ಅಂತ ಬಾಂಡ್ ಬರೆಸಿಕೊಳ್ಳುತ್ತದೆ. ಫೀನಾಮ್‌ಗೆ ಎರಡು ವರ್ಷದ ಬಾಂಡ್, ಚಾಲೆಂಜರ್‌ಗೆ ಮೂರು. ಫೀನಾಮ್ ಕಲಿತವನು ನಾಳೆ ಚಾಲೆಂಜರ್‌ನಲ್ಲಿ ಹೋಗಿ ಕೂರುವಂತಿಲ್ಲ. ಆದ್ದರಿಂದ ಮೊದಲ ಜೆಟ್ ಯಾವುದು ಅನ್ನುವ ಪ್ರಶ್ನೆ ಸುಮ್ನೆ ಇಷ್ಟಾನಿಷ್ಟದ ಪ್ರಶ್ನೆ ಅಲ್ಲ, ಒಪ್ಪುತ್ತೇನೆ. ಆದರೆ ಇವನು ಅದನ್ನು ಇಡೀ ಜೀವಮಾನದ ತೀರ್ಮಾನ ಅಂತ ತಲೆಯಲ್ಲಿ ಕೂರಿಸಿಕೊಂಡಿದ್ದ.

ಮೊದಲ ಭೇಟಿಯಲ್ಲಿ ವಿಮಾನದ ಮಾತೇ ಬರಲಿಲ್ಲ. ಅವನು ಬಾಗಿಲಲ್ಲೇ ಕೇಳಿದ್ದು, ‘ಮೇಡಂ, ಇದು ಎಲ್ಲಾದರೂ ದಾಖಲಾಗುತ್ತಾ?’ ಪೈಲಟ್‌ಗಳಿಗೆ ಈ ಭಯ ಸಹಜ. ಕೆಲಸ ನಿಂತಿರುವುದೇ ಕ್ಲಾಸ್ 1 ಮೆಡಿಕಲ್, ಅಂದರೆ ಹಾರಲು ಆರೋಗ್ಯ ಸರಿಯಿದೆ ಅನ್ನುವ ವೈದ್ಯಕೀಯ ಪ್ರಮಾಣಪತ್ರದ ಮೇಲೆ. ಮನಸ್ಸಿಗೆ ಸಂಬಂಧಿಸಿದ ಯಾವ ಬಾಗಿಲು ತಟ್ಟಿದರೂ ಮೆಡಿಕಲ್ ಹೋಗಿಬಿಡುತ್ತದೆ ಅಂತ ಅವರಲ್ಲಿ ಒಂದು ನಂಬಿಕೆ. ಹೀಗಾಗಿ ಸಣ್ಣ ತೊಂದರೆಯನ್ನೂ ಮುಚ್ಚಿಡುತ್ತಾರೆ, ಅದು ಒಳಗೇ ಬಲಿಯುತ್ತದೆ. ಕೆಲಸದ ಆಯ್ಕೆ ಬಗ್ಗೆ ಕೂತು ಮಾತಾಡುವುದು ಕಾಯಿಲೆ ಅಲ್ಲ ಅಂತ ಅವನಿಗೆ ಬಿಡಿಸಿ ಹೇಳಿದೆ. ವಿಮಾನ ಸಿಬ್ಬಂದಿಯ ಮಾನಸಿಕ ಆರೋಗ್ಯದ ಬಗ್ಗೆ ವಿಮಾನಯಾನದ ಮೇಲ್ವಿಚಾರಣೆ ನೋಡುವ ಸರ್ಕಾರಿ ಇಲಾಖೆ ಡಿಜಿಸಿಎ 2023ರಲ್ಲಿ ಸುತ್ತೋಲೆ ಹೊರಡಿಸಿದೆ. ಪೈಲಟ್‌ಗಳು ಪೈಲಟ್‌ಗಳಿಗೇ ಕಿವಿಗೊಡುವ ವ್ಯವಸ್ಥೆ ಇರಲಿ ಅಂತ ಅದರಲ್ಲಿದೆ. ಅಂದರೆ ಇಲಾಖೆಯೇ ಈ ವಿಷಯ ಮಾತಾಡುತ್ತಿದೆ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳಬೇಕಾಯಿತು. ಗೆಳೆಯನೊಬ್ಬ ಕೊಟ್ಟ ನಿದ್ದೆ ಮಾತ್ರೆ ಅವನ ಜೇಬಿನಲ್ಲಿತ್ತು. ಇನ್ನೂ ನುಂಗಿರಲಿಲ್ಲ. ಪೈಲಟ್ ಆದವನು ವಿಮಾನಯಾನ ವೈದ್ಯರನ್ನು ಕೇಳದೆ ಅಂಥ ಮಾತ್ರೆ ಮುಟ್ಟಬಾರದು. ಹಾರಾಟಕ್ಕೆ ಹನ್ನೆರಡು ಗಂಟೆ ಮೊದಲಿನಿಂದ ಮದ್ಯ ಕೂಡದು ಅನ್ನುವ ನಿಯಮ ಎಲ್ಲರ ಬಾಯಲ್ಲೂ ಇದೆ. ಮಾತ್ರೆ ವಿಷಯದಲ್ಲಿ ಯಾಕೋ ಅಷ್ಟು ಎಚ್ಚರ ಇಲ್ಲ. ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ನಾನೇ ವೈದ್ಯರ ಹತ್ತಿರ ಕಳಿಸುತ್ತೇನೆ, ಆಗ ಮೆಡಿಕಲ್‌ನಲ್ಲಿ ಮುಚ್ಚಿಡದೆ ಹೇಳಬೇಕು ಅಂದೆ. ಒಪ್ಪಿದ. ಆಮೇಲೆ ಅದರ ಅಗತ್ಯ ಬೀಳಲಿಲ್ಲ.

ಎರಡನೇ ಸಲ ಲ್ಯಾಪ್‌ಟಾಪ್ ತಂದಿದ್ದ. ಎರಡೂ ವಿಮಾನಗಳ ಪಟ್ಟಿ. ಫೀನಾಮ್ 300 ಬ್ರೆಜಿಲ್‌ನ ಎಂಬ್ರೇಯರ್ ಕಂಪನಿಯದು. ತುಂಬಿದ ತೂಕ ಸುಮಾರು 8 ಟನ್, ಒಂದೇ ಹಾರಿಗೆ ಸುಮಾರು 3,600 ಕಿಲೋಮೀಟರ್. ಬೆಂಗಳೂರಿನಿಂದ ದುಬೈ ಆರಾಮ. ಚಾಲೆಂಜರ್ 605 ಕೆನಡಾದ ಬೊಂಬಾರ್ಡಿಯರ್‌ದು. ಸುಮಾರು 22 ಟನ್, 7,000 ಕಿಲೋಮೀಟರ್ ದಾಟುತ್ತದೆ. ಒಳಗೆ ನೇರ ನಿಂತು ಓಡಾಡಬಹುದು. ಚಾಲೆಂಜರ್‌ನ 604, 605, 650 ಮೂರೂ ಒಂದೇ ಟೈಪ್ ರೇಟಿಂಗ್ ಅಡಿ ಬರುವುದರಿಂದ ಮುಂದೆ ಕೆಲಸದ ಅವಕಾಶ ಜಾಸ್ತಿ. ಭಾರದ ವಿಮಾನ ಹಾರಿಸಿದ ಗಂಟೆಗಳಿಗೆ ಮುಂದೆ ಏರ್‌ಲೈನ್‌ಗಳಲ್ಲಿ ಬೆಲೆಯೂ ಜಾಸ್ತಿ. ಹೀಗೆ ಹಸಿರು ಬಣ್ಣ, ಕೆಂಪು ಬಣ್ಣ ಬಳಿದು ಅಂಕ ಕೊಟ್ಟಿದ್ದ. ಅಂಕಪಟ್ಟಿಯಲ್ಲಿ ಚಾಲೆಂಜರ್ ಗೆದ್ದಿತ್ತು. ಆದರೂ ಮನಸ್ಸು ಒಪ್ಪುತ್ತಿರಲಿಲ್ಲ.

ಪಟ್ಟಿ ಚೆನ್ನಾಗಿತ್ತು. ಆದರೆ ಅದು ವಿಮಾನ ಕೊಳ್ಳುವವನಿಗೆ ಬೇಕಾದ ಪಟ್ಟಿ. ಇವನು ಕೊಳ್ಳುವವನಲ್ಲ, ಅದರೊಳಗೆ ಕೂತು ದಿನ ಕಳೆಯಬೇಕಾದವನು. ಹಾಗಾಗಿ ಒಂದು ಕೆಲಸ ಕೊಟ್ಟೆ. ಎರಡೂ ಕೆಲಸಗಳಲ್ಲಿ ನಿನ್ನ ಒಂದು ಮಂಗಳವಾರ ಹೇಗಿರುತ್ತದೆ, ಎದ್ದ ಹೊತ್ತಿನಿಂದ ಮಲಗುವವರೆಗೆ ಬರೆ ಅಂದೆ. ಪೆನ್ನು ಹಿಡಿದು ಕೂತ. ಎಂಟು ಗಂಟೆಗೆ ಏರ್‌ಪೋರ್ಟ್ ಅಂತ ಬರೆದ. ಮುಂದೆ ಹೋಗಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ.

ನಿದ್ದೆಗೆಡಿಸಿದ್ದು ಇದೇ ಅಂತ ನನ್ನ ಅಂದಾಜು. ವಿಮಾನದ ಬಗ್ಗೆ ಎಲ್ಲಾ ಗೊತ್ತು, ಕೆಲಸದ ಬಗ್ಗೆ ಏನೂ ಗೊತ್ತಿಲ್ಲ. ಆ ಖಾಲಿ ಜಾಗವನ್ನು ಮನೆಯವರೆಲ್ಲ ಸೇರಿ ತುಂಬುತ್ತಿದ್ದರು. ಅಮ್ಮನ ಪ್ರಕಾರ ಬೆಂಗಳೂರು ಅಂದರೆ ಶನಿವಾರ ಬಸ್ಸು ಹತ್ತಿ ಚಾರ್ಮಾಡಿ ಮಳೆ ನೋಡಲು ಬರಬಹುದು. ದೊಡ್ಡಪ್ಪನ ಪ್ರಕಾರ ದೊಡ್ಡ ವಿಮಾನವೇ ಸರಿ, ನಾಲ್ಕು ಜನರ ಮುಂದೆ ಹೇಳಿಕೊಳ್ಳಲಿಕ್ಕೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ವಿಮಾನದ ಮಾತು ಬಂದರೆ ಕ್ಯಾಪ್ಟನ್ ಗೋಪಿನಾಥ್ ಹೆಸರು ಬರಲೇಬೇಕು. ಗೊರೂರಿನವರು, ಜಾವಗಲ್ ಹತ್ತಿರ ಕೃಷಿ ಮಾಡಿದವರು, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ದೊಡ್ಡಪ್ಪನೂ ಅದನ್ನೇ ಹೇಳಿ ಹುರಿದುಂಬಿಸುತ್ತಿದ್ದರಂತೆ. ಗೋಪಿನಾಥ್ ಅದಕ್ಕೂ ಮೊದಲು ಹೆಲಿಕಾಪ್ಟರ್ ಬಾಡಿಗೆ ಕಂಪನಿ ನಡೆಸಿದ್ದರು ಅನ್ನುವುದು ಈ ಹುರುಪಿನಲ್ಲಿ ಮರೆತುಹೋಗುತ್ತದೆ.

ನಾನು ಯಾವ ವಿಮಾನ ಅಂತ ಹೇಳುವುದಿಲ್ಲ, ಹೇಳುವ ಅರ್ಹತೆಯೂ ನನಗಿಲ್ಲ ಅಂತ ಮೊದಲೇ ತಿಳಿಸಿದ್ದೆ. ಎರಡೂ ಸೀಟಿನಲ್ಲಿ ಈಗ ಕೂತಿರುವ, ಇಲ್ಲಾ ಈಚೆಗೆ ಬಿಟ್ಟಿರುವ ಒಬ್ಬೊಬ್ಬರನ್ನು ಹುಡುಕಿ ಮಾತಾಡಬೇಕು. ವಿಮಾನ ಹೇಗಿದೆ ಅಂತ ಮಾತ್ರ ಕೇಳಕೂಡದು. ಕಳೆದ ಮೂರು ತಿಂಗಳಲ್ಲಿ ಕೋ-ಪೈಲಟ್ ನಿಜವಾಗಿ ಎಷ್ಟು ಗಂಟೆ ಹಾರಿದ? ಟೇಕಾಫ್, ಲ್ಯಾಂಡಿಂಗ್ ಅವನ ಕೈಗೆ ಸಿಗುತ್ತವಾ, ಇಲ್ಲಾ ರೇಡಿಯೋ ಮಾತಾಡಿಕೊಂಡು ಕೂರಬೇಕಾ? ಸ್ಟ್ಯಾಂಡ್‌ಬೈ ದಿನ, ಅಂದರೆ ಕರೆ ಬಂದರೆ ಹೊರಡಲು ಸಿದ್ಧವಾಗಿರಬೇಕಾದ ದಿನ, ಊರು ಬಿಟ್ಟು ಎಷ್ಟು ದೂರ ಹೋಗಬಹುದು? ಜೊತೆಗೆ ಕೂರುವ ಕ್ಯಾಪ್ಟನ್ ಹೇಳಿಕೊಡುವವರಾ, ಕಿರುಚುವವರಾ?

ಈ ಕೊನೆಯ ಪ್ರಶ್ನೆ ಕೇಳಲು ಅವನಿಗೆ ಮುಜುಗರ. ನನಗೆ ಅದೇ ಮುಖ್ಯ ಅನ್ನಿಸಿತು. ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ದಿನಾ ಬದಲಾಗುತ್ತಾರೆ. ಒಂದೋ ಎರಡೋ ವಿಮಾನ ಇರುವ ಚಾರ್ಟರ್ ಕಂಪನಿಯಲ್ಲಿ ಅದೇ ಮುಖ. ಅವರ ಜೊತೆಗೇ ಹಾರಾಟ, ಅದೇ ಹೋಟೆಲು, ಪ್ರಯಾಣಿಕರ ಮೀಟಿಂಗ್ ಮುಗಿಯುವವರೆಗೆ ಗಂಟೆಗಟ್ಟಲೆ ಕಾಯುವುದು. ಎರಡು ವರ್ಷ.

ಫೋನ್ ಮಾಡಲು ಹಿಂಜರಿದ. ಜಾಸ್ತಿ ಪ್ರಶ್ನೆ ಕೇಳಿದರೆ ಕೆಲಸ ಕೈತಪ್ಪಿದರೆ? ಎರಡು ವರ್ಷ ಖಾಲಿ ಕೂತವನಿಗೆ ಆ ಹೆದರಿಕೆ ಇರುತ್ತದೆ. ಕೇಳುವ ರೀತಿಯನ್ನು ಇಬ್ಬರೂ ಕೂತು ಅಭ್ಯಾಸ ಮಾಡಿದೆವು. ನಾನು ಎಚ್‌ಆರ್, ಅವನು ಅವನೇ. ಮೊದಮೊದಲು ಪ್ರತಿ ವಾಕ್ಯಕ್ಕೂ ಸಾರಿ ಸರ್ ಅನ್ನುತ್ತಿದ್ದ. ಆಮೇಲೆ ನಿಂತಿತು.

ಅವನು ತಂದ ಸುದ್ದಿ ಅವನ ಅಂಕಪಟ್ಟಿಗಿಂತ ಬೇರೆಯೇ ಇತ್ತು. ಚಾಲೆಂಜರ್ ಒಬ್ಬ ಮಾಲೀಕರದು, ಕಂಪನಿ ನಡೆಸಿಕೊಡುತ್ತಿದೆ. ಮಾಲೀಕರು ಮಾರಿದರೆ ವಿಮಾನ ಹೊರಟುಹೋಗುತ್ತದೆ, ಟೈಪ್ ರೇಟಿಂಗ್ ಕೈಯಲ್ಲಿ ಉಳಿಯುತ್ತದೆ. ತಿಂಗಳಲ್ಲಿ ಕೆಲವೇ ದಿನ ಹಾರಾಟ. ಅದಕ್ಕಿಂತ ದೊಡ್ಡದು ವಿಮೆಯ ಷರತ್ತು. ಕಡಿಮೆ ಗಂಟೆಯವರನ್ನು ಪ್ರಯಾಣಿಕರಿರುವಾಗ ಕೋ-ಪೈಲಟ್‌ನ ಬಲಸೀಟಿನಲ್ಲಿ ಕೂರಿಸಲು ಆ ವಿಮಾನದ ವಿಮೆ ಒಪ್ಪುವುದಿಲ್ಲ. ಅಂದರೆ ಮೊದಮೊದಲು ಹಿಂದೆ ಕೂತು ನೋಡುವುದೇ ಕೆಲಸ, ಬಾಂಡ್ ಮಾತ್ರ ಓಡುತ್ತಿರುತ್ತದೆ. ಫೀನಾಮ್ ಹಾಗಲ್ಲ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಹೈದರಾಬಾದ್ ಅಂತ ಸಣ್ಣ ಸಣ್ಣ ಹಾರಾಟ, ಲ್ಯಾಂಡಿಂಗ್ ಜಾಸ್ತಿ. ಕೋ-ಪೈಲಟ್ ಆದವನು ಸೂಟ್‌ಕೇಸ್ ಏರಿಸಬೇಕು, ಊಟದ ಡಬ್ಬಿ ಎಣಿಸಬೇಕು, ಸೀಟು ಒರೆಸಬೇಕು. ಅದರಲ್ಲಿ ಅವನಿಗೆ ಬೇಜಾರಿರಲಿಲ್ಲ. ಆದರೆ ಒಂದು ತೊಡಕಿತ್ತು. ಫೀನಾಮ್ 300 ಒಬ್ಬರೇ ಪೈಲಟ್ ಹಾರಿಸಬಹುದು ಅಂತ ಪ್ರಮಾಣಪತ್ರ ಪಡೆದ ವಿಮಾನ. ಹಾಗಾದರೆ ಕೋ-ಪೈಲಟ್‌ನ ಗಂಟೆಗಳು ಲಾಗ್‌ಬುಕ್‌ನಲ್ಲಿ, ಅಂದರೆ ಪೈಲಟ್ ತನ್ನ ಹಾರಾಟ ಬರೆದಿಡುವ ಪುಸ್ತಕದಲ್ಲಿ, ಹೇಗೆ ದಾಖಲಾಗುತ್ತವೆ? ಕಂಪನಿಯಿಂದ ಬರವಣಿಗೆಯಲ್ಲೇ ಉತ್ತರ ತರಿಸು ಅಂದೆ. ಈ ಪ್ರಶ್ನೆ ಹೊಳೆದದ್ದು ನನಗಲ್ಲ, ಅವನು ಫೋನ್ ಮಾಡಿದ ಹಿರಿಯ ಪೈಲಟ್‌ಗೆ.

ಮೂರನೇ ಭೇಟಿಗೆ ಅಪ್ಪನನ್ನೂ ಕರೆಸಿದೆ. ಚೇತನ್ ತಲೆಯಲ್ಲಿ ಅಪ್ಪನ ಸಾಲ ದಿನಕ್ಕೊಂದು ಸುತ್ತು ಬರುತ್ತಿತ್ತು. ಸಂಬಳ ಜಾಸ್ತಿ ಇರುವ ಚಾಲೆಂಜರ್ ಬಿಟ್ಟರೆ ಅಪ್ಪನಿಗೆ ಮೋಸ ಮಾಡಿದಂತೆ ಅಂತ. ಅಪ್ಪ ಬಂದು ಕೂತು ಟೋಪಿ ತೆಗೆದು ಹೇಳಿದ್ದು ಇಷ್ಟು: ಕಳೆದೆರಡು ವರ್ಷ ರೊಬಸ್ಟಾಗೆ ಹಿಂದೆಂದೂ ಕಾಣದ ರೇಟು ಬಂತು, ಸಾಲದ ಭಾರ ಅರ್ಧ ಇಳಿದಿದೆ, ಇವನಿಗೆ ಹೇಳಿದರೆ ಹುಡುಗ ಸಡಿಲ ಬೀಳ್ತಾನೆ ಅಂತ ಹೇಳಿರಲಿಲ್ಲ. ಮಗ ಬಾಯಿ ಬಿಟ್ಟು ನೋಡುತ್ತಿದ್ದ. ನನಗೆ ಒಳಗೊಳಗೇ ಸಿಟ್ಟು ಬಂತು. ಈ ಒಂದು ಮಾತು ಮನೆಯಲ್ಲೇ ಆಡಿದ್ದರೆ ಎಷ್ಟೋ ರಾತ್ರಿ ಉಳಿಯುತ್ತಿತ್ತು.

ಬಾಂಡ್ ಪತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡವರು ಅಪ್ಪನೇ. ‘ಇದು ಬಳ್ಳಿ ಮೇಲಿರೋ ಮೆಣಸನ್ನ ಮೊದಲೇ ಗುತ್ತಿಗೆಗೆ ಕೊಟ್ಟ ಹಾಗೆ. ದುಡ್ಡು ಮುಂಚೆ ಬರುತ್ತೆ. ಆಮೇಲೆ ರೇಟು ಏರಿದರೂ ಕೈ ಹಾಕೋ ಹಾಗಿಲ್ಲ. ಮಳೆ ಬಿದ್ದು ಹಾಳಾದ್ರೆ ಯಾರ ತಲೆ ಮೇಲೆ ಅಂತ ಬರೆಸ್ಕೊಂಡಿದೀಯಾ?’ ಅಂತ ಮಗನನ್ನು ಕೇಳಿದರು. ಬರೆಸಿಕೊಂಡಿರಲಿಲ್ಲ. ವಿಮಾನ ಮಾರಿಹೋದರೆ, ತಿಂಗಳುಗಟ್ಟಲೆ ರಿಪೇರಿಗೆ ನಿಂತರೆ ಬಾಂಡ್ ಏನಾಗುತ್ತದೆ ಅಂತ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ಬಿಡುವಾಗ ಕೊಡಬೇಕಾದ ಹಣ ತಿಂಗಳು ಕಳೆದಂತೆ ಕಡಿಮೆಯಾಗುತ್ತದಾ ಅಂತಲೂ ಇರಲಿಲ್ಲ. ಬೆಂಗಳೂರಿನಲ್ಲಿ ಒಬ್ಬ ವಕೀಲರಿಗೆ ಪತ್ರ ತೋರಿಸದೆ ಸಹಿ ಹಾಕಬೇಡ, ಅಸಲಿ ಲೈಸೆನ್ಸ್, ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಅಡವಾಗಿ ಕೊಡಬೇಡ ಅಂದೆ. ನಾನು ಕೊಟ್ಟ ಸಲಹೆಯಲ್ಲಿ ನೇರವಾಗಿ ಹೀಗೇ ಮಾಡು ಅಂದದ್ದು ಇದನ್ನು ಮತ್ತು ಮಾತ್ರೆಯ ವಿಷಯ ಮಾತ್ರ.

ಅಮ್ಮನ ವಿಷಯ ಬೇರೆ. ಬೆಂಗಳೂರು ಬೇಸ್ ಅಂದರೆ ಮನೆಗೆ ಬರುವ ಬೇಸ್ ಅಲ್ಲ. ರಾತ್ರಿ ಒಂಬತ್ತಕ್ಕೆ ಫೋನ್, ಬೆಳಗಿನ ಜಾವ ನಾಲ್ಕಕ್ಕೆ ರಿಪೋರ್ಟಿಂಗ್. ಚುನಾವಣೆ ಹೊತ್ತಿನಲ್ಲಂತೂ ಬಿಡುವೇ ಇಲ್ಲ. ಸ್ಟ್ಯಾಂಡ್‌ಬೈ ಇದ್ದವನು ಮೂಡಿಗೆರೆಯಲ್ಲಿ ಕೂತಿರಲಾಗದು. ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣ ಆಗಿಬಿಟ್ಟರೆ ಅಲ್ಲಿಗೇ ಇಳಿಸ್ತೀಯಲ್ಲ ಅಂತ ಅಮ್ಮ ಅಂದಿದ್ದರಂತೆ. 2007ರಲ್ಲಿ ಅಡಿಗಲ್ಲು ಬಿದ್ದ ಯೋಜನೆ ಅದು! ಕೆಲಸಕ್ಕೆ ಸೇರಿದ ಮೇಲೆ ಒಂದೊಂದೇ ಹಬ್ಬ ತಪ್ಪಿಸಿ ಗೊತ್ತುಮಾಡಿಸುವ ಬದಲು ಈಗಲೇ ಕೂತು ಹೇಳು ಅಂದೆ. ಹೇಳಿದ. ಅಮ್ಮ ಎರಡು ದಿನ ಮಾತು ಬಿಟ್ಟರು, ಆಮೇಲೆ ಸರಿಹೋದರು.

ಅವನು ಫೀನಾಮ್ ಆರಿಸಿಕೊಂಡ. ಕಾರಣ ಅವನ ಮಾತಿನಲ್ಲೇ, ‘ನಾನು ಹಾರಬೇಕು ಮೇಡಂ, ಹಿಂದೆ ಕೂತು ನೋಡೋಕಲ್ಲ.’ ಲಾಗ್‌ಬುಕ್ ಪ್ರಶ್ನೆಗೆ ಕಂಪನಿ ಲಿಖಿತ ಉತ್ತರ ಕೊಟ್ಟಿತು. ಬಾಂಡ್ ಹಣ ತಿಂಗಳಿಗೆ ಇಷ್ಟು ಅಂತ ಇಳಿಯುವ ಸಾಲು ಸೇರಿಸಲೂ ಒಪ್ಪಿತು. ವಿಮಾನ ಮಾರಿಹೋದರೆ ಬಾಂಡ್ ರದ್ದು ಅನ್ನುವುದಕ್ಕೆ ಒಪ್ಪಲಿಲ್ಲ. ಆ ಅಪಾಯ ಗೊತ್ತಿದ್ದೇ ಸಹಿ ಹಾಕಿದ. ನನ್ನನ್ನು ಕೇಳಿದ್ದರೆ ಒಳಮನಸ್ಸಿನಲ್ಲಿ ದಿಲ್ಲಿ ಅನ್ನುತ್ತಿದ್ದೆನೇನೋ. ವಿಮಾನಕ್ಕಾಗಿ ಅಲ್ಲ, ದೊಡ್ಡಪ್ಪನಿಂದ ಸ್ವಲ್ಪ ದೂರ ಇರಲಿ ಅಂತ. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಸಿಮ್ಯುಲೇಟರ್ ತರಬೇತಿಗೆ ಹೊರಡುವ ಮುಂಚೆ ಬಂದು ಹೋದ. ನಿದ್ದೆ ಸರಿಯಾಗಿತ್ತು. ಉಳಿದದ್ದು ಒಂದೇ, ಚಿಕ್ಕ ಜೆಟ್ ತಗೊಂಡೆ ಅಂತ ದೊಡ್ಡಪ್ಪನಿಗೆ ಹೇಗೆ ಹೇಳುವುದು? ಆ ಪಟ್ಟಿಯಲ್ಲಿ ಎಲ್ಲದರಲ್ಲೂ ಚಾಲೆಂಜರೇ ಮುಂದಿತ್ತಾ ಅಂತ ಕೇಳಿದೆ. ನೆನಪಿಸಿಕೊಂಡ. ಚಾಲೆಂಜರ್ ಹಾರಬಹುದಾದ ಎತ್ತರ 41,000 ಅಡಿ, ಫೀನಾಮ್ 45,000. ಹಾಗಾದರೆ ಜಾಸ್ತಿ ಎತ್ತರ ಹಾರೋದು ತಗೊಂಡೆ ಅನ್ನು, ಸುಳ್ಳೇನಲ್ಲವಲ್ಲ ಅಂದೆ. ನಕ್ಕ. ‘ಮುಂದಿನ ಪ್ರಶ್ನೆ ಅದರಲ್ಲಿ ಎಷ್ಟು ಜನ ಹಿಡಿಸ್ತಾರೆ ಅಂತಿರುತ್ತೆ ಮೇಡಂ’ ಅಂದ.